ಹಂಪ್ ಬೇಕಾ? ಮೊದಲು ಟೇಪು ಹಿಡಿದು ನೋಡಿ

ಮಾರ್ಗದ ಮಾತು: ಕಾಸರಗೋಡಿನ ನಿವೃತ್ತ ಓವರ್‌ಸಿಯರ್ ಒಬ್ಬರು ಓದುಗರಿಗೆ ಉತ್ತರಿಸುತ್ತಾರೆ

ಪ್ರಶ್ನೆ: ಅಣ್ಣಾ, ನಮ್ಮ ಅಂಗಡಿ ಚೆರ್ಕಳ–ಬದಿಯಡ್ಕ ಮಾರ್ಗದ ಬದಿಯಲ್ಲಿದೆ. ಹತ್ತಿರದಲ್ಲೇ ಶಾಲೆ. ಮಾರ್ಗ ಅಗಲ ಮಾಡಿ ಡಾಮರು ಹಾಕಿದ ಮೇಲೆ ಕಾರು, ಟಿಪ್ಪರ್ ಎಲ್ಲ ಹಾರಿಕೊಂಡೇ ಹೋಗುತ್ತವೆ. ಮಕ್ಕಳಿಗೆ ದಾಟಲು ಆಗುತ್ತಿಲ್ಲ. ಪಂಚಾಯತ್‌ನವರು ಹಂಪ್ ಹಾಕಲು ಆಗುವುದಿಲ್ಲ ಎಂದರು. ಊರವರೇ ಸೇರಿ ದಪ್ಪ ಹಗ್ಗ ಅಡ್ಡ ಹಾಕಿ, ಮೇಲೆ ಸಿಮೆಂಟ್ ಮೆತ್ತಿದರೆ ಹೇಗೆ?
– ಎಡನೀರು ಕಡೆಯ ಅಂಗಡಿಯವರು

ಉತ್ತರ: ಬೇಡ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ರಾತ್ರಿ ಮಳೆಯಲ್ಲಿ ಬರುವ ಬೈಕಿನವನಿಗೆ ಆ ಹಗ್ಗ ಕಾಣುವುದಿಲ್ಲ. ನಮ್ಮ ಕಡೆ ಕಾಯಿಲೆ ಜೋರಾದರೆ ಮಂಗಳೂರಿಗೇ ಓಡುವುದಲ್ವಾ? ಸೊಂಟ ಮುರಿದವರನ್ನು ಮಲಗಿಸಿಕೊಂಡ ಆಂಬ್ಯುಲೆನ್ಸ್ ಅದರ ಮೇಲೆ ಎಗರಿದರೆ ಒಳಗಿದ್ದವರ ಗತಿ ಏನು?

ಹಂಪ್‌ಗೂ ಅಳತೆ ಇದೆ. ದೇಶದ ರಸ್ತೆ ಕೆಲಸಕ್ಕೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕ ಹೀಗೆ: ವಾಹನ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಅಂಥದ್ದನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮವಾಗಿ ದಾಟಬಹುದು. 40 ಮೀಟರ್ ಮೊದಲೇ ಎಚ್ಚರಿಕೆಯ ಬೋರ್ಡ್ ಬೇಕು, ಮೇಲೆ ಕಪ್ಪು-ಬಿಳಿ ಪಟ್ಟಿ ಬೇಕು. ನಮ್ಮೂರುಗಳ ಹಂಪ್‌ಗೆ ಒಮ್ಮೆ ಟೇಪು ಹಿಡಿದು ನೋಡಿ. ಒಂದೆರಡು ಅಡಿ ಅಗಲ, ಗೇಣು ಎತ್ತರ! ಗೋಡೆ ಕಟ್ಟಿದ ಹಾಗೆ. ಪಟ್ಟಿಯ ಬಣ್ಣವಂತೂ ಒಂದು ಮಳೆಗಾಲಕ್ಕೆ ಮಾಯ. ಮತ್ತೆ ಬಳಿಯಲು ಯಾರೂ ಬರುವುದಿಲ್ಲ.

ಪಂಚಾಯತ್‌ನವರ ಮೇಲೆ ಸಿಟ್ಟಾಗಬೇಡಿ. ಆ ಮಾರ್ಗ ಪಿಡಬ್ಲ್ಯುಡಿಯದ್ದು, ಅಂದರೆ ಲೋಕೋಪಯೋಗಿ ಇಲಾಖೆಯದ್ದು. ಅರ್ಜಿಯನ್ನು ಅಲ್ಲಿ ಕೊಡಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷಾ ಕೌನ್ಸಿಲ್‌ಗೂ ಒಂದು ಪ್ರತಿ ಇರಲಿ. ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಆ ಹಕ್ಕು ಕೊಟ್ಟಿದೆ. ಮಲಯಾಳದಲ್ಲಿ ಬರೆದು ತನ್ನಿ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಸುಮ್ನೆ ಹಿಂದೆ ಬರಬೇಡಿ, ಕಾಯ್ದೆಯ ಹೆಸರು ಹೇಳಿ.

ಅರ್ಜಿಯಲ್ಲಿ ಎತ್ತರಿಸಿದ ಝೀಬ್ರಾ ಬೇಕೆಂದು ಕೇಳಿ. ಮಕ್ಕಳು ದಾಟುವ ಜಾಗವನ್ನೇ ಚಪ್ಪಟೆಯಾಗಿ ಎತ್ತರ ಮಾಡಿ, ಎರಡೂ ಕಡೆ ಇಳಿಜಾರು ಕೊಡುತ್ತಾರೆ. ವಾಹನ ನಿಧಾನವಾಗುತ್ತದೆ, ಮಕ್ಕಳೂ ಚಾಲಕನ ಕಣ್ಣಿಗೆ ಬೀಳುತ್ತಾರೆ. ಅದು ಆಗುವ ತನಕ ಶಾಲೆ ಬಿಡುವ, ಸೇರುವ ಹೊತ್ತಿಗೆ ಎರಡು ಬ್ಯಾರಿಕೇಡ್ ಹಿಂದೆ ಮುಂದೆ ಇಡಿಸಲು ಪೊಲೀಸರಿಗೆ ಹೇಳಿ. ಮಾರ್ಗ ನೇರವಾಗಿ, ಅಗಲವಾಗಿ ಕಂಡರೆ ಯಾರ ಕಾಲಾದರೂ ಎಕ್ಸಲರೇಟರ್ ಒತ್ತುತ್ತದೆ. ಇಕ್ಕಟ್ಟಾಗಿ ಕಂಡರೆ ಬ್ರೇಕಿಗೆ ಹೋಗುತ್ತದೆ. ಬೋರ್ಡ್ ಓದಿ ನಿಧಾನ ಮಾಡುವವರು ಕಡಿಮೆ. ಬರೇ ಬೋರ್ಡ್ ಹಾಕಿ ಕೈತೊಳೆದುಕೊಳ್ಳಲು ಬಂದರೆ ಒಪ್ಪಬೇಡಿ. ರಂಬಲ್ ಸ್ಟ್ರಿಪ್ (ಚಕ್ರ ಗಡಗಡಿಸುವಂತೆ ಮಾರ್ಗಕ್ಕೆ ಅಡ್ಡ ಹಾಕುವ ಸಣ್ಣ ಉಬ್ಬುಪಟ್ಟಿ) ಕೇಳಲೂ ಹೋಗಬೇಡಿ. ಪಕ್ಕದ ಮನೆಯವರು ರಾತ್ರಿಯಿಡೀ ಗಡಗಡ ಕೇಳಿ ನಿಮಗೇ ಬೈದಾರು.

ಪ್ರಶ್ನೆ: ಕುಂಬಳೆಯಿಂದ ವಿದ್ಯಾನಗರಕ್ಕೆ ಬೈಕಿನಲ್ಲಿ ಕಾಲೇಜಿಗೆ ಹೋಗುತ್ತೇನೆ. ಹೆದ್ದಾರಿ ಆರು ಲೇನ್ ಮಾಡಿದ್ದೇ ವೇಗಕ್ಕೆ ಅಲ್ವಾ ಸಾರ್? ಕಾರಿಗೆ 110 ಕೊಟ್ಟು ನಮಗೆ 60 ಯಾಕೆ? ಪೇಟೆಯಲ್ಲಿ 70ರಲ್ಲಿ ಹೋದರೆ ಅಪ್ಪ ಬೈಯುತ್ತಾರೆ.
– ಡಿಗ್ರಿ ವಿದ್ಯಾರ್ಥಿ

ಉತ್ತರ: ಬೈಯಲಿ ಬಿಡು. ಕೇರಳದಲ್ಲಿ ಬೈಕಿಗೆ 70 ಇದ್ದದ್ದು 2023ರ ಜುಲೈ 1ರಿಂದ 60 ಆಯಿತು. ಪೇಟೆಯೊಳಗೆ 50. ಕಾರಿನವನ ಸುತ್ತ ತಗಡಿದೆ, ಎದೆಗೆ ಬೆಲ್ಟ್ ಇದೆ. ನಿನಗಿರುವುದು ಒಂದು ಹೆಲ್ಮೆಟ್.

ಈಗ ಲೆಕ್ಕ ಕೇಳು. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಸರ್ವಿಸ್ ರೋಡಿಗೆ ಒಬ್ಬರು ಅಜ್ಜಿ ಇಳಿದರು ಎಂದಿಟ್ಟುಕೋ. ನೋಡಿ ಬ್ರೇಕ್ ಹಿಡಿಯಲು ನಿನಗೆ ಒಂದು ಸೆಕೆಂಡ್ ಬೇಕು. 50ರಲ್ಲಿದ್ದರೆ ಅಷ್ಟರಲ್ಲಿ 14 ಮೀಟರ್ ಹೋಗಿರುತ್ತೀಯ. ಬ್ರೇಕ್ ಹಿಡಿದ ಮೇಲೆ ಇನ್ನೂ 14. ಡಾಮರು ಒಣಗಿದ್ದು ಬ್ರೇಕ್ ಸರಿ ಇದ್ದರೆ ಒಟ್ಟು 28 ಮೀಟರಿಗೆ ಬೈಕು ನಿಲ್ಲುತ್ತದೆ. 70ರಲ್ಲಿದ್ದರೆ 46 ಮೀಟರ್ ಬೇಕು. ಸರಿಯಾಗಿ ಗಮನಿಸು: 50ರವನು ಪೂರ್ತಿ ನಿಂತ ಜಾಗದಲ್ಲಿ 70ರವನ ಬೈಕು ಇನ್ನೂ ಸುಮಾರು 58ರ ವೇಗದಲ್ಲಿರುತ್ತದೆ. ಅಜ್ಜಿ ಇರುವುದು ಅಲ್ಲೇ. ಮಳೆ ಬಂದರೆ ಲೆಕ್ಕ ಇನ್ನೂ ಕೆಡುತ್ತದೆ, ನಮ್ಮಲ್ಲಿ ಮಳೆಗೇನು ಬರವೇ?

60 ಬಿಟ್ಟು 70ರಲ್ಲಿ ಹೋದರೆ 12 ಕಿಲೋಮೀಟರಿಗೆ ಎರಡು ನಿಮಿಷವೂ ಉಳಿಯುವುದಿಲ್ಲ. ಕಾಲೇಜು ಗೇಟಿನ ಹತ್ತಿರ ಹರಟೆಗೆ ನಿಲ್ಲುವುದು ಅದಕ್ಕಿಂತ ಜಾಸ್ತಿ.

ಪ್ರಶ್ನೆ: ನಮ್ಮ ಕಾರು ಕೆಎ 19, ಮಂಗಳೂರಿನ ನಂಬರ್. ಕೇರಳದ ಕ್ಯಾಮರಾ ದಂಡ ನಮಗೆ ಲಾಗು ಇಲ್ಲವಂತೆ, ಹೌದಾ? ಎಐ ಕ್ಯಾಮರಾಗಳೆಲ್ಲ ವೇಗ ನೋಡುತ್ತವಾ?
– ಉಪ್ಪಳದ ಓದುಗರು

ಉತ್ತರ: ಯಾರು ಹೇಳಿದರು? ಕೆಎ 19 ಆಗಲಿ ಕೆಎಲ್ 14 ಆಗಲಿ, ಚಲನ್ ಬಂದೇ ಬರುತ್ತದೆ. ಕೇರಳದಲ್ಲಿ 2023ರ ಜೂನ್ 5ರಿಂದ ದಂಡ ಹಾಕತೊಡಗಿದ 726 ಕ್ಯಾಮರಾಗಳಲ್ಲಿ 675 ನೋಡುವುದು ಹೆಲ್ಮೆಟ್, ಸೀಟ್ ಬೆಲ್ಟ್ ಇಂಥದ್ದನ್ನು. ವೇಗಕ್ಕೆಂದೇ ಇಟ್ಟದ್ದು ಎಂಟು. ಅದರಲ್ಲಿ ನಾಲ್ಕು ವಾಹನದಲ್ಲಿ ಊರೂರು ಸುತ್ತುವಂಥವು. ವೇಗ ಹಿಡಿಯಲು ಇಷ್ಟು ಕಡಿಮೆ ಕ್ಯಾಮರಾ ಸಾಲದು ಎಂಬುದು ನನ್ನ ಅಭಿಪ್ರಾಯ. ಕಾರು ಸಿಕ್ಕಿಬಿದ್ದರೆ ದಂಡ 1500 ರೂಪಾಯಿ. ಸಂದೇಶ ಹೋಗುವುದು ಆರ್‌ಸಿ ಜೊತೆ ಕೊಟ್ಟ ಮೊಬೈಲ್ ನಂಬರಿಗೆ. ಆ ನಂಬರ್ ಈಗ ನಿಮ್ಮಲ್ಲಿ ಇಲ್ಲದಿದ್ದರೆ ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ಇವತ್ತೇ ಬದಲಿಸಿ.