ಲೋವರಿಂಗ್ ಸ್ಪ್ರಿಂಗ್: ಇಳಿಸುವ ಮುಂಚೆ ಅಳೆಯಿರಿ

ಈ ಸಲವೂ ಅರ್ಧಕ್ಕರ್ಧ ಪತ್ರ ಕಾರು ಲೋ ಮಾಡಿಸುವ, ಅಂದರೆ ಗಿಡ್ಡ ಸ್ಪ್ರಿಂಗ್ ಹಾಕಿ ಕಾರಿನ ಮೈಯನ್ನು ನೆಲದ ಹತ್ತಿರಕ್ಕೆ ಇಳಿಸುವ ಬಗ್ಗೆಯೇ. ಕಾರಿನ ಭಾರ ಹೊರುವುದು ಸ್ಪ್ರಿಂಗ್, ಅದರ ಕುಣಿತ ತಡೆಯುವುದು ಶಾಕ್; ಇದಕ್ಕಿಂತ ಹೆಚ್ಚು ಮೊದಲಿಂದ ಹೇಳುತ್ತಾ ಕೂರಲು ನನಗೆ ಪುರುಸೊತ್ತಿಲ್ಲ.

ಪ್ರಶ್ನೆ: ಸರ್, ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್ 70 ಸಾವಿರ ಕಿ.ಮೀ. ಓಡಿದೆ. ದಿನಾ ಕುಣಿಗಲ್‌ನಿಂದ ತುಮಕೂರಿಗೆ ಬಂದು ಹೋಗುತ್ತೇನೆ. 50 ಮಿ.ಮೀ. ಇಳಿಸುವ ಸ್ಪ್ರಿಂಗ್ ಸಿಕ್ಕಿದೆ. ಶಾಕ್ ಅಬ್ಸಾರ್ಬರ್ ಹಳೆಯದೇ ಸಾಕು ಅಂತಾರೆ ಅಂಗಡಿಯವರು. ಹಾಕಿಸಲಾ?

ಹಾಕಿಸಬೇಡಿ. ಹಳೆ ಶಾಕ್ ಸಾಕು ಅಂದವರ ಅಂಗಡಿಗೂ ಮತ್ತೆ ಹೋಗಬೇಡಿ.

ಎಲ್ಲರೂ ಕೇಳುವುದು ಎಷ್ಟು ಇಳಿಯುತ್ತೆ ಅಂತ. ಇಳಿದ ಮೇಲೆ ಚಕ್ರ ಮೇಲೇಳಲು ಎಷ್ಟು ಜಾಗ ಉಳಿಯುತ್ತೆ ಅಂತ ಕೇಳುವವರು ಸಿಕ್ಕಿಲ್ಲ. ಅದನ್ನು ನೀವೇ ಅಳೆಯಬಹುದು. ಕಾರು ಸಮ ನೆಲದಲ್ಲಿ ನಿಂತಿರುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಶಾಕ್‌ನ ರಬ್ಬರ್ ಬೂಟ್ ಮೇಲೆತ್ತಿ. ಹೊಳೆಯುವ ರಾಡ್ ಕಾಣುತ್ತೆ. ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ, ಶಾಕ್‌ನ ಮೈಗೆ ತಾಗುವವರೆಗೆ ಕೆಳಕ್ಕೆ ತಳ್ಳಿ. ಆಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿ ಬನ್ನಿ. ಬಂದು ನೋಡಿದರೆ ಟೈ ರಾಡಿನ ಮೇಲಕ್ಕೆ ಸರಿದಿರುತ್ತೆ. ಟೈಗೂ ಕೊನೆಯ ಏಟು ತಡೆಯುವ ಮೇಲಿನ ಬಂಪ್ ಸ್ಟಾಪ್ ರಬ್ಬರಿಗೂ ನಡುವೆ ಉಳಿದ ಅಂತರವೇ ನಿಮ್ಮ ಕೈಯಲ್ಲಿರುವ ಬಂಡವಾಳ. ಅಲ್ಲಿ 20 ಮಿ.ಮೀ. ಇದ್ದರೆ 50 ಎಲ್ಲಿಂದ ತರುತ್ತೀರಿ? ಟೈ ರಬ್ಬರನ್ನೇ ಮುಟ್ಟಿದ್ದರೆ ಲೋ ಮಾಡುವ ಯೋಚನೆಯನ್ನೇ ಬಿಟ್ಟುಬಿಡಿ.

ಲೋವರಿಂಗ್ ಸ್ಪ್ರಿಂಗ್ ಗಟ್ಟಿ ಇರುವುದರಿಂದ ಕುಗ್ಗುವುದು ಸ್ವಲ್ಪ ಕಡಿಮೆ, ನಿಜ. ಆದರೆ ಜಾಗ ಅರ್ಧಕ್ಕೆ ಇಳಿದಾಗ ಅದೇ ಏಟನ್ನು ತಡೆಯಲು ಎಷ್ಟು ಗಟ್ಟಿ ಬೇಕೋ ಅಷ್ಟು ಗಟ್ಟಿಯ ಸ್ಪ್ರಿಂಗಿನಲ್ಲಿ ದಿನಾ ಓಡಾಡಿದರೆ ಸೊಂಟ ಉಳಿಯಲ್ಲ. ಹೋದ ತಿಂಗಳು ಒಂದು ಕಾರು ಬಿಚ್ಚಿದೆ: ಬಂಪ್ ಸ್ಟಾಪ್ ಒಣ ಬೆಲ್ಲದ ಹಾಗೆ ಕೈಯಲ್ಲೇ ಪುಡಿಯಾಯಿತು, ಶಾಕಿನ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿದಿಡುವ ಟಾಪ್ ಮೌಂಟ್ ಸೀಳಿತ್ತು, ಶಾಕ್‌ನ ಮೈತುಂಬ ಎಣ್ಣೆ. ಸ್ಪ್ರಿಂಗ್ ಮಾತ್ರ ಹೊಸದು.

ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯಂತೆ ರಸ್ತೆಯ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ದಾಟಬಹುದು. ನಮ್ಮ ಹಳ್ಳಿಗಳ ಮುಂದೆ ಹಾಕಿರುವುದು ಚೂಪು ದಿಂಡು. ಕಾರು ಇಳಿಸಿದರೆ ಅದಕ್ಕೆ ಮೊದಲು ಬಡಿಯುವುದೇ ಎಂಜಿನ್ ಅಡಿಯ ಆಯಿಲ್ ಚೇಂಬರ್.

ಇಳಿಸಲೇಬೇಕು ಅನ್ನುವವರಿಗೆ ನನ್ನ ಮಿತಿ 25 ಮಿ.ಮೀ. ನಿಮ್ಮದೇ ಮಾಡೆಲ್, ನಿಮ್ಮದೇ ಎಂಜಿನ್‌ಗೆ ಮಾಡಿದ ಸ್ಪ್ರಿಂಗ್ ತನ್ನಿ; ಡೀಸೆಲ್ ಕಾರಿನ ಮೂತಿ ಭಾರ, ಅದರ ಸ್ಪ್ರಿಂಗ್ ಪೆಟ್ರೋಲ್ ಕಾರಿಗೆ ಆಗಲ್ಲ. ಆ ಗಟ್ಟಿತನಕ್ಕೆ ಹೊಂದುವ ಹೊಸ ಶಾಕ್ ನಾಲ್ಕಕ್ಕೂ ಬೇಕು, ಜೊತೆಗೆ ಹೊಸ ಬಂಪ್ ಸ್ಟಾಪ್. ಅದಕ್ಕೆ ದುಡ್ಡಿಲ್ಲದಿದ್ದರೆ ದುಡ್ಡು ಸೇರುವವರೆಗೆ ಕಾಯಿರಿ. ಹಾಕಿದ ಮೇಲೆ ಕಾರು ಲಿಫ್ಟಿನಲ್ಲಿರುವಾಗಲೇ, ಚಕ್ರ ಜೋತುಬಿದ್ದಿರುವಾಗ, ಸ್ಪ್ರಿಂಗ್ ಹಿಡಿದು ತಿರುಗಿಸಿ ನೋಡಿ. ಕೈಯಲ್ಲಿ ಸಲೀಸಾಗಿ ತಿರುಗಿದರೆ ಅದು ತನ್ನ ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಸರಿಯಾಗಿ ಕೂತಿಲ್ಲ. ಹಾಗೇ ರಸ್ತೆಗೆ ಇಳಿಸಬೇಡಿ. ಹಾಕಿದ ದಿನವೇ ಒಮ್ಮೆ, ಸ್ಪ್ರಿಂಗ್ ಕೂತಮೇಲೆ ಸುಮಾರು 500 ಕಿ.ಮೀ.ಗೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ. ಕಾರು ಇಳಿದರೆ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತೆ; ಟೈರಿನ ಒಳಅಂಚು ಬೇಗ ಸವೆಯುವುದು ಹೆಚ್ಚಾಗಿ ಅದರಿಂದಲೇ. ಹೆಡ್‌ಲೈಟ್ ಕೂಡ ಸರಿಮಾಡಿಸಿ.

ಪ್ರಶ್ನೆ: ಕೋಲಾರದಲ್ಲಿ ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಕೊಡ್ತೀವಿ ಅಂತಾರೆ, ಕಮ್ಮಿ ಖರ್ಚು. ಮಾಡಿಸಬಹುದಾ?

ಬೇಡ. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಕೂರಿಸುವುದೂ ಬೇಡ, ಕಾದ ಜಾಗದಲ್ಲಿ ಉಕ್ಕಿನ ಹದ ಕೆಡುತ್ತೆ. ಇದನ್ನು ಮಾಡಿಕೊಡುವವನು ಮೆಕ್ಯಾನಿಕ್ಕೇ ಅಲ್ಲ.

ಪ್ರಶ್ನೆ: ಚಿಕ್ಕಬಳ್ಳಾಪುರದವನು. ಲೋ ಮಾಡಿದರೆ ನಂದಿಬೆಟ್ಟದ ತಿರುವಿನಲ್ಲಿ ಕಾರು ವಾಲುವುದಿಲ್ಲವಂತೆ?

ಅರ್ಧ ಸುಳ್ಳು. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಕಾರನ್ನು ಅತಿಯಾಗಿ ಇಳಿಸಿದರೆ ಚಕ್ರ ಹಿಡಿದಿರುವ ಕೆಳಗಿನ ಆರ್ಮ್ ಓರೆಯಾಗಿ, ವಾಲಿಸುವ ಬಲ ಹೆಚ್ಚುವುದೂ ಉಂಟು. ಮೊದಲು ಒಳ್ಳೆ ಟೈರು ಹಾಕಿಸಿ.

ಪ್ರಶ್ನೆ: ಆರ್‌ಟಿಒದವರು ಹಿಡೀತಾರಾ?

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಕಾನೂನು ಒಪ್ಪದ ಬದಲಾವಣೆ ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಸ್ಪ್ರಿಂಗ್ ಕೊಳ್ಳುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರಲ್ಲೂ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಕಾರಿನ ಕಾಗದಗಳ ಜೊತೆ ಇಟ್ಟುಕೊಳ್ಳಿ.