ಎಚ್‌ಎಸ್‌ಪಿ90 ಎಂಬ ಪ್ರೋಟೀನನ್ನು ತಡೆದರೆ ಕ್ಯಾನ್ಸರ್ ಕೋಶ ಸಾಯಬೇಕಲ್ಲ, ಉಳಿಯುವುದು ಹೇಗೆ?

ಎಚ್‌ಎಸ್‌ಪಿ90 ಸೇರಿದ ಹೀಟ್ ಶಾಕ್ ಪ್ರೋಟೀನ್‌ಗಳು (ಎಚ್‌ಎಸ್‌ಪಿ) ಕ್ಯಾನ್ಸರನ್ನು ಹುಟ್ಟಿಸುತ್ತವೆ ಅನ್ನುವುದಕ್ಕಿಂತ ಸಾಕುತ್ತವೆ ಅನ್ನುವುದೇ ಸರಿ. ಬಿಸಿ, ಆಮ್ಲಜನಕದ ಕೊರತೆಯಂಥ ಒತ್ತಡದಲ್ಲಿ ಬೇರೆ ಪ್ರೋಟೀನ್‌ಗಳ ಮಡಿಕೆ (ಕೆಲಸಕ್ಕೆ ಬೇಕಾದ ಆಕಾರ) ಕೆಡದಂತೆ ಕಾಯುವುದು ಅವುಗಳ ಕೆಲಸ. ಕ್ಯಾನ್ಸರನ್ನು ಬೆಳೆಸುವ ಎಚ್‌ಇಆರ್2, ಬಿಸಿಆರ್-ಎಬಿಎಲ್, ರೂಪಾಂತರಗೊಂಡ ಪಿ53 ಎಂಬ ಪ್ರೋಟೀನ್‌ಗಳೆಲ್ಲ ಎಚ್‌ಎಸ್‌ಪಿ90ರ ಆಸರೆಯಲ್ಲೇ ಬಾಳುತ್ತವೆ.

ಜೆಲ್ಡಾನಮೈಸಿನ್‌ನಂಥ ವಸ್ತು ಎಚ್‌ಎಸ್‌ಪಿ90ರಲ್ಲಿ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಕೂರುವ ಜಾಗವನ್ನೇ ಹಿಡಿಯುತ್ತದೆ. ಆಸರೆ ತಪ್ಪಿದ ಪ್ರೋಟೀನ್‌ಗೆ ಯುಬಿಕ್ವಿಟಿನ್ ಎಂಬ ಗುರುತಿನ ಚೀಟಿ ಅಂಟಿ, ಪ್ರೋಟಿಯಾಸೋಮ್ ಎಂಬ ಕೋಶದ ಕಸ ಅರೆಯುವ ಯಂತ್ರ ಅದನ್ನು ಚೂರು ಮಾಡುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಎಡವಟ್ಟಾಗುವುದು ಆಮೇಲೆ: ಎಚ್‌ಎಸ್‌ಪಿ90 ಹಿಡಿದಿಟ್ಟಿದ್ದ ಎಚ್‌ಎಸ್‌ಎಫ್1 (ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಬಿಡುಗಡೆಯಾಗಿ ಎಚ್‌ಎಸ್‌ಪಿ70, ಎಚ್‌ಎಸ್‌ಪಿ27ರ ಜೀನ್‌ಗಳನ್ನು ಎಬ್ಬಿಸುತ್ತದೆ. ಇವೆರಡೂ ಅಪೊಪ್ಟೋಸಿಸ್ (ಕೋಶ ತಾನಾಗಿ ಸಾಯುವುದು) ತಡೆಯುವಂಥವು. ಮದ್ದೇ ಕೋಶಕ್ಕೆ ಗುರಾಣಿ ಕೊಟ್ಟಂತೆ! ಆರಂಭದ ಔಷಧಗಳು ಯಕೃತ್ತಿಗೂ ಪೆಟ್ಟು ಕೊಟ್ಟವು. ಆದರೂ 2022ರಲ್ಲಿ ಜಪಾನ್, ಜೀರ್ಣಾಂಗದ ಜಿಐಎಸ್‌ಟಿ ಗಡ್ಡೆಗೆ ಪಿಮಿಟೆಸ್ಪಿಬ್ ಎಂಬ ಎಚ್‌ಎಸ್‌ಪಿ90 ತಡೆಮದ್ದನ್ನು ಒಪ್ಪಿತು.