ಇಂಪಾಲಾ ಲೇಖನದ ಬಗ್ಗೆ

ನಮಸ್ಕಾರ. ಅಮೆರಿಕದ ಕಾರು ಷೆವರ್ಲೆ ಇಂಪಾಲಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

1958ರಿಂದ 2020ರವರೆಗಿನ ಎಲ್ಲ ಮಾಡೆಲ್‌ಗಳ ಉದ್ದ, ಅಗಲ, ಎಂಜಿನ್ ಕೊಟ್ಟಿದ್ದೀರಿ. ಶ್ರಮ ಕಾಣುತ್ತದೆ. ಆದರೆ ಶೋರೂಮ್‌ನಲ್ಲಿ ಕೊಡುವ ಕರಪತ್ರ ಓದಿದ ಹಾಗಾಯಿತು.

'1959ರಲ್ಲಿ ಹೊಸ ವಿನ್ಯಾಸ ಬಂದಿತು' ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. 1958ರ ಬಾಡಿ ಒಂದೇ ವರ್ಷಕ್ಕೆ ಮುಗಿದದ್ದು ಯಾಕೆ? ಕಥೆ ಇರುವುದೇ ಅಲ್ಲಿ, ಅಲ್ವಾ? 1956ರಲ್ಲಿ ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟರ್ಸ್‌ನ ಯುವ ಡಿಸೈನರ್ ಚಕ್ ಜೋರ್ಡನ್, ಪ್ರತಿಸ್ಪರ್ಧಿ ಕ್ರೈಸ್ಲರ್ ಕಾರ್ಖಾನೆಯ ಬೇಲಿಯಾಚೆ ನಿಂತಿದ್ದ 1957ರ ಪ್ಲಿಮತ್ ಕಾರುಗಳನ್ನು ಕಂಡರು. ತಗ್ಗಾದ ಮೈ, ತೆಳು ಚಾವಣಿ, ಹಿಂಬದಿಯಲ್ಲಿ ಚೂಪು ರೆಕ್ಕೆ. ಅದರ ಮುಂದೆ ತಮ್ಮ ಸ್ಟುಡಿಯೊದ ದಪ್ಪ ಕ್ರೋಮ್ ಕಾರುಗಳು ಬಿಡುಗಡೆಗೆ ಮೊದಲೇ ಹಳತಾಗಿದ್ದವು! ವಿನ್ಯಾಸದ ಮುಖ್ಯಸ್ಥ ಹಾರ್ಲಿ ಅರ್ಲ್ ಆಗ ಯುರೋಪಿನಲ್ಲಿದ್ದರು. ಬಿಲ್ ಮಿಚೆಲ್ ಮತ್ತು ತಂಡ ಅವರಿಗೆ ಕಾಯದೆ 1959ರ ಕಾರುಗಳನ್ನು ಮೊದಲಿನಿಂದ ಶುರು ಮಾಡಿತು. 1958ರದನ್ನು ಬದಲಿಸಲು ಹೊತ್ತು ಮೀರಿತ್ತು. ಹಿಂದೆ ಅಡ್ಡಕ್ಕೆ ಹರಡಿದ ರೆಕ್ಕೆಗಳ ಆ ಇಂಪಾಲಾ ಬಂದದ್ದು ಈ ಗಾಬರಿಯಿಂದ. ಇದೊಂದನ್ನೇ ಎರಡು ಪುಟ ಬರೆಯಬಹುದು.

ಒಂದು ತಿದ್ದುಪಡಿ. 1958ರಲ್ಲಿ ಇಂಪಾಲಾ ಪ್ರತ್ಯೇಕ ಮಾಡೆಲ್ ಸಾಲಲ್ಲ, ಷೆವರ್ಲೆಯದೇ ಬೆಲ್ ಏರ್ ಸಾಲಿನ ದುಬಾರಿ ಕಾರು. ಪ್ರತ್ಯೇಕವಾದದ್ದು 1959ರಲ್ಲಿ.

'ಉಕ್ಕಿನ ಕೋಟೆ' ಅನ್ನುವ ಮಾತನ್ನಂತೂ ಒಪ್ಪಲಾರೆ. 1959ರ ಇಂಪಾಲಾದ ಚಾಸಿ, ಅಂದರೆ ಅಡಿಯ ಚೌಕಟ್ಟು, ಎಕ್ಸ್ ಆಕಾರದ್ದು, ಪಕ್ಕಗಳಲ್ಲಿ ಉದ್ದನೆಯ ತೊಲೆಗಳೇ ಇರಲಿಲ್ಲ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ, ಅದೇ ಚಾಸಿಯ 1959ರ ಬೆಲ್ ಏರ್ ಅನ್ನು ಷೆವರ್ಲೆಯದೇ 2009ರ ಮಾಲಿಬುಗೆ ಡಿಕ್ಕಿ ಹೊಡೆಸಿ ನೋಡಿತು. ನಜ್ಜುಗುಜ್ಜಾದದ್ದು ಹಳೆಯ ಕಾರಿನ ಚಾಲಕನ ಜಾಗ. ಹಳೆಯದೆಲ್ಲ ಗಟ್ಟಿ ಅಂತ ಸುಮ್ನೆ ಹೊಗಳಬೇಡಿ.

1965ರಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಇಂಪಾಲಾ ಮಾರಾಟವಾಯಿತು ಅಂತ ಹೆಮ್ಮೆಯಿಂದ ಬರೆದಿದ್ದೀರಿ, ಸರಿ. ಅದೇ ವರ್ಷ ಕಂಪನಿ ಇಂಪಾಲಾಕ್ಕೇ ಕ್ಯಾಪ್ರಿಸ್ ಅನ್ನುವ ಐಷಾರಾಮಿ ಪ್ಯಾಕೇಜ್ ಸೇರಿಸಿತು. ಮರುವರ್ಷ ಅದನ್ನೇ ಬೇರೆ ಮಾಡಿ, ಇಂಪಾಲಾದ ತಲೆಯ ಮೇಲೆ ಕೂರಿಸಿತು. ನಿಮ್ಮಲ್ಲಿ ಕ್ಯಾಪ್ರಿಸ್ ಹೆಸರೇ ಇಲ್ಲ.

1956ರಿಂದ 1966ರವರೆಗಿನದನ್ನು ಮಾತ್ರ ಇಟ್ಟುಕೊಂಡು ಮತ್ತೆ ಬರೆಯಿರಿ. ಅಳತೆಗಳ ಪಟ್ಟಿ ಬೇಡ. 'ರಸ್ತೆಯ ರಾಜ' ನಾಲ್ಕು ಕಡೆ ಇದೆ, ನಾಲ್ಕೂ ತೆಗೆಯಿರಿ. ಬರೆದು ಕಳಿಸಿದರೆ ಖಂಡಿತ ಓದುತ್ತೇನೆ.